ಬೀಗರ ಬಾವುಟ

ಇಳಕಲ್ಲಿನ ಬಂಗಾರೆವ್ವ ಮುರಿದುಬೀಳಲಿದ್ದ ಅದೆಷ್ಟೋ ಮದುವೆಗಳನ್ನು ಯಾದಿಗೆ ತಂದು ಕೂಡಿಸಿದವಳು. ಯಾದಿ ಎಂದರೆ ಮದುವೆಯಲ್ಲಿ ಯಾರು ಏನು ತರಬೇಕು, ಏನು ಮಾಡಬೇಕು ಎಂದು ಎರಡೂ ಕಡೆಯ ಬೀಗರು ಹಿರಿಯರ ಎದುರು ಬರೆಸುವ ಪಟ್ಟಿ. ನಾಲ್ಕು ಮೂಲೆಗೆ ಅರಿಸಿನ ಹಚ್ಚಿದ ಆ ಕಾಗದದ ಮೇಲೆ ಒಮ್ಮೆ ಬಿದ್ದ ಮಾತು ಹಿಂದಕ್ಕೆ ಹೋಗುವಂತಿಲ್ಲ. ಊಟದ ಪಂಕ್ತಿಗೆ ಮುನಿಸಿಕೊಂಡ ಬೀಗರನ್ನು ಅವಳು ನೋಡಿದ್ದಳು, ಸೀರೆಯ ಅಂಚು ಸಣ್ಣದಾಯಿತೆಂದು ಎದ್ದುಹೋದವರನ್ನೂ ನೋಡಿದ್ದಳು. ಬಾವುಟಕ್ಕಾಗಿ ಮುನಿಸಿಕೊಂಡ ಬೀಗರನ್ನು ನೋಡಲು ಮಾತ್ರ ಎಪ್ಪತ್ತಾರನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ಡಬ್ಲಿನ್ನಿನಲ್ಲಿರುವ ಮಗನ ಮನೆಗೆ ಬರಬೇಕಾಯಿತು.

ಮೊಮ್ಮಗಳು ಸ್ನೇಹಲ್ ಮೆಚ್ಚಿದ ಹುಡುಗ ಕಾವೆ. ಇಬ್ಬರಿಗೂ ಮೌಂಟನ್ ವ್ಯೂನಲ್ಲಿ ಒಂದೇ ಆಫೀಸು, ಒಂದೇ ಶಟಲ್ ಬಸ್ಸು. ಹುಡುಗ ಹುಟ್ಟಿದ್ದು ಇಲ್ಲಿ, ಮನೆತನ ಇರಾನಿನದು. ಅವನ ಮೇಲೆ ಯಾರಿಗೂ ತಕರಾರಿರಲಿಲ್ಲ. ತಕರಾರಿದ್ದದ್ದು ಅವನ ಅಪ್ಪ ಬಹ್ಮನ್‌ಗೂ ಸೋದರಮಾವ ಹುಮಾಯೂನ್‌ಗೂ. ಮದುವೆಯ ಹಾಲಿನಲ್ಲಿ ಇರಾನಿನ ಹಿಂದಿನ ದೊರೆ ಶಹಾನ ಕಾಲದ ಬಾವುಟ, ಕತ್ತಿ ಹಿಡಿದ ಸಿಂಹ ಮತ್ತು ಸೂರ್ಯ ಇರುವಂಥದ್ದು, ತೂಗಲೇಬೇಕು ಎಂದು ಬಹ್ಮನ್ ಹಟ ಹಿಡಿದಿದ್ದ. ಅದು ತೂಗಿದರೆ ತಾನು ಹೊಸಿಲು ತುಳಿಯುವುದಿಲ್ಲ ಎಂದು ಹುಮಾಯೂನ್. ಅಣ್ಣ ಬಾರದ ಮದುವೆಯಲ್ಲಿ ತಾನೂ ಇರುವುದಿಲ್ಲ ಎಂದು ಹುಡುಗನ ತಾಯಿ ಪರ್ವೀನ್. ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿ, ಗುಡ್ಡಗಾಡು ದಾಟಿಸಿ ಟರ್ಕಿಗೆ ಕರೆತಂದವನು ಆ ಅಣ್ಣನೇ.

ಇಬ್ಬರಿಗೂ ಅವರವರ ಕಾರಣವಿತ್ತು, ಮತ್ತು ಎರಡೂ ಸಣ್ಣ ಕಾರಣಗಳಲ್ಲ. ಬಹ್ಮನ್‌ನ ತಂದೆ ಶಹಾನ ಸೈನ್ಯದಲ್ಲಿ ಅಧಿಕಾರಿ. ಕ್ರಾಂತಿಯಾದ ಮೇಲೆ ಅವನನ್ನು ಗುಂಡಿಟ್ಟು ಕೊಂದರು. ಮಗನಿಗೆ ಆ ಸಿಂಹವೆಂದರೆ ಅಪ್ಪನ ಟೋಪಿಯ ಮೇಲಿನ ಬಿಲ್ಲೆ. ಹುಮಾಯೂನ್ ಕಾಲೇಜು ಹುಡುಗನಾಗಿದ್ದಾಗ ಶಹಾನ ಪೊಲೀಸರು ಅವನನ್ನು ಎರಡು ವರ್ಷ ಜೈಲಿನಲ್ಲಿಟ್ಟಿದ್ದರು. ವಿಚಾರಣೆಯ ಕೋಣೆಯ ಗೋಡೆಯ ಮೇಲೆ ಅದೇ ಸಿಂಹವಿತ್ತು. ಆಮೇಲೆ ಬಂದ ಮುಲ್ಲಾಗಳ ಸರ್ಕಾರವೂ ಅವನನ್ನು ಹುಡುಕಿಕೊಂಡು ಬಂತು, ಅದು ಬೇರೆ ಮಾತು. ಇಷ್ಟಾದರೂ ಮೂವತ್ತು ವರ್ಷ ಬಾವಂದಿರಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಜೂನ್ ತಿಂಗಳ ಹನ್ನೆರಡು ದಿನದ ಯುದ್ಧದಲ್ಲಿ ತೆಹ್ರಾನಿನ ಮೇಲೆ ಬಾಂಬು ಬೀಳುತ್ತಿದ್ದಾಗ, ಇನ್ನೇನು ಈ ಸರ್ಕಾರ ಬಿತ್ತು ಎಂದು ಬಹ್ಮನ್ ಊಟದ ಮೇಜಿನಲ್ಲಿ ಹಿಗ್ಗಿದ. ಹುಮಾಯೂನ್‌ನ ಇನ್ನೊಬ್ಬ ತಂಗಿ ಅದೇ ತೆಹ್ರಾನಿನಲ್ಲಿ ಮನೆಯ ಮೆಟ್ಟಿಲ ಕೆಳಗೆ ಅಡಗಿ ಕೂತಿದ್ದಳು, ಅವಳ ಫೋನು ಸತ್ತಿತ್ತು. ಹುಮಾಯೂನ್ ಬಹ್ಮನ್‌ನ ಸತ್ತ ತಂದೆಯ ಬಗ್ಗೆ ಆಡಬಾರದ ಒಂದು ಮಾತು ಆಡಿಬಿಟ್ಟ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಮದುವೆ ಎರಡು ಸಲ ಮುಂದೆ ಹೋಯಿತು.

ಅಕ್ಟೋಬರ್ ಮೊದಲ ವಾರ ಸ್ನೇಹಲ್ ತನ್ನ ನಿರ್ಧಾರ ಹೇಳಿದಳು. ಸರ್ಕಾರಿ ಆಫೀಸಿನಿಂದ ತಂದ ಮದುವೆಯ ಲೈಸೆನ್ಸಿಗೆ ಇನ್ನು ಹತ್ತೇ ದಿನ ಉಳಿದಿದೆ. ಇವರು ಕೂಡುವಂತೆ ಕಾಣದು, ತಾವಿಬ್ಬರೇ ಹೋಗಿ ಸಹಿ ಹಾಕಿ ಬರುತ್ತೇವೆ, ಯಾರೂ ಬರುವುದು ಬೇಡ. ಇಷ್ಟು ಹೇಳಿ ರೂಮಿನ ಬಾಗಿಲು ಹಾಕಿಕೊಂಡಳು. ಮಂಗಳವಾರ ಬಂಗಾರೆವ್ವ ಊರಿಗೆ ಹೊರಡಬೇಕು, ವೀಸಾದ ಆರು ತಿಂಗಳು ಮುಗಿಯುತ್ತ ಬಂದಿತ್ತು. ಕಂಡವರ ಮಕ್ಕಳ ಮದುವೆಗಳನ್ನೆಲ್ಲ ಕೂಡಿಸಿದವಳ ಸ್ವಂತ ಮೊಮ್ಮಗಳು ಹಿರಿಯರ ಒಂದು ಅಕ್ಕಿಕಾಳೂ ಬೀಳದೆ ಮದುವೆಯಾಗುವುದೇ?

“ಶನಿವಾರ ಬೀಗರಿಬ್ಬರನ್ನೂ ಊಟಕ್ಕ ಕರಿ,” ಎಂದು ಮಗ ಅಜಯನಿಗೆ ಹೇಳಿದಳು. “ಒಬ್ಬರ ಮಾರಿ ಒಬ್ಬರು ನೋಡೂದ ಬ್ಯಾಡ ಅಂತ ಹೇಳು. ಒಬ್ಬರಿಗೆ ಮುಂದಿನ ಬಾಗಲಾ, ಒಬ್ಬರಿಗೆ ಹಿತ್ತಲ ಬಾಗಲಾ.”

ಅಜಯನಿಗೆ ನಗು ತಡೆಯಲಾಗಲಿಲ್ಲ. ಅಮೆರಿಕದವರೂ ಇರಾನಿನವರೂ ಈ ವರ್ಷ ಮಾತುಕತೆ ಶುರು ಮಾಡಿದ್ದು ಹೀಗೆಯೇ ಎಂದು ವಿವರಿಸಿದ. ಅವರು ಒಂದು ಕೋಣೆಯಲ್ಲಿ, ಇವರು ಇನ್ನೊಂದರಲ್ಲಿ, ನಡುವೆ ಒಮಾನ್ ದೇಶದ ಮಂತ್ರಿ ಚೀಟಿ ಹಿಡಿದು ಓಡಾಡುವುದು. ಅವ್ವ ಈಗ ಒಮಾನ್ ಆದಳು ಎಂದ. ಇದರಲ್ಲಿ ಏನು ಹೊಸದಿದೆ ಎಂದು ಬಂಗಾರೆವ್ವನಿಗೆ ತಿಳಿಯಲಿಲ್ಲ. ಬೀಗರನ್ನು ಮೊದಲ ದಿನವೇ ಎದುರುಬದುರು ಕೂಡಿಸುವ ದಡ್ಡರು ಯಾವ ದೇಶದಲ್ಲಿದ್ದಾರೆ?

ಶನಿವಾರ ಹನ್ನೊಂದಕ್ಕೆ ಬಹ್ಮನ್ ಮುಂಬಾಗಿಲಿನಿಂದ ಬಂದು ಹಾಲಿನ ಸೋಫಾದಲ್ಲಿ ಕೂತ. ಬಾವುಟ ಕಾರಿನ ಡಿಕ್ಕಿಯಲ್ಲೇ ಇತ್ತು. ಹುಮಾಯೂನ್ ಪಕ್ಕದ ಗೇಟಿನಿಂದ ಬಂದು ಹಿತ್ತಲ ನಿಂಬೆಗಿಡದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡ. ಪರ್ವೀನ್ ಅಡುಗೆಮನೆಯಲ್ಲಿ ಯಾವ ಕಡೆಗೂ ನೋಡದೆ ಸೌತೆಕಾಯಿ ಹೆಚ್ಚುತ್ತ ನಿಂತಳು. ಬಂಗಾರೆವ್ವ ಕಾಗದಕ್ಕೆ ಅರಿಸಿನ ಹಚ್ಚಿ, ಮೇಲೆ ಶ್ರೀ ಬರೆದು, ಪೆನ್ಸಿಲು ಹಿಡಿದು ಹಿತ್ತಲಿಗೆ ಹೊರಟಳು. ಇಂಗ್ಲಿಷಿಗೆ ಜೊತೆಯಾಗಿ ಸೊಸೆ ಆರತಿ.

ಹುಮಾಯೂನ್ ಎದ್ದು ನಿಂತ. ಶೇಂಗಾ ಹೋಳಿಗೆಯನ್ನು ಮೂರು ಸಲ ಬೇಡವೆಂದು, ನಾಲ್ಕನೆಯ ಸಲ ತಿಂದ. ಇದು ಬಂಗಾರೆವ್ವನಿಗೆ ಹಿಡಿಸಿತು, ನಮ್ಮವರಂತೆಯೇ ಮಾನಸ್ಥ. ಆಮೇಲೆ ಅವಳು ಬಾವುಟದ ಮಾತು ತೆಗೆದಳು. ಅವನು ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿ ಉದ್ದಕ್ಕೆ ಏನೋ ಹೇಳಿದ. ಆರತಿ ಕನ್ನಡಕ್ಕೆ ತಂದಳು: ನೀವು ಹಿರಿಯರು, ನಿಮ್ಮ ಕಾಲ ಧೂಳು ನಾನು, ನಿಮ್ಮ ಮಾತೇ ನನಗೆ ಅಪ್ಪಣೆ, ಬಹ್ಮನ್ ಏನು ತೂಗಬೇಕೆಂದಿದ್ದಾನೋ ತೂಗಲಿ.

ಇಷ್ಟು ಸಲೀಸಾಗಿ ಯಾವ ಬೀಗನೂ ಬಗ್ಗಿದ್ದನ್ನು ಬಂಗಾರೆವ್ವ ಕಂಡಿರಲಿಲ್ಲ. ಮಾತು ಆರುವ ಮೊದಲೇ ಬರೆದುಕೊಂಡಳು: ಬಾವುಟ ಹುಡುಗನ ತಂದೆಯ ಇಷ್ಟ, ಸೋದರಮಾವನ ಒಪ್ಪಿಗೆ ಇದೆ. ಹಾಲಿಗೆ ಹೋಗಿ ಓದಿ ಹೇಳಿದಳು.

ಬಹ್ಮನ್ ನಂಬಲಿಲ್ಲ. ಹುಮಾಯೂನನೇ ಹೇಳಿದನೇ, ತನ್ನ ಬಾಯಿಂದಲೇ, ಎಂದು ಎರಡು ಸಲ ಕೇಳಿದ. ಆರತಿ ಹೌದೆಂದಳು. ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಮತ್ತೆ ಹಾಕಿಕೊಳ್ಳಲಿಲ್ಲ. ಅವನಷ್ಟು ದೊಡ್ಡತನ ನನಗೂ ಇದೆ, ಬಾವುಟ ತರುವುದಿಲ್ಲ, ಹೋಗಿ ಹೇಳಿ ಎಂದ. ಬಂಗಾರೆವ್ವ ಅದನ್ನೂ ಬರೆದುಕೊಂಡಳು. ಹಿಗ್ಗಿನಿಂದ ಅವಳ ಮೊಣಕಾಲು ನೋವೇ ಮರೆತುಹೋಗಿತ್ತು.

ಅಡುಗೆಮನೆಯಲ್ಲಿ ಕಾವೆ ಇದನ್ನೆಲ್ಲ ಕೇಳಿ ತಲೆಯ ಮೇಲೆ ಕೈಹೊತ್ತು ಕೂತ. ಅಜ್ಜಿ, ಅದು ಬರೀ ತಾರೂಫ್, ಎಂದ. ಅವರಲ್ಲಿ ಅದೊಂದು ಮರ್ಯಾದೆಯ ರೀತಿಯಂತೆ. ತೆಹ್ರಾನಿನ ಟ್ಯಾಕ್ಸಿಯವನು ದುಡ್ಡು ಬೇಡ, ನೀವು ನಮ್ಮ ಅತಿಥಿ ಎನ್ನುತ್ತಾನೆ. ಹಾಗೆಂದು ಇಳಿದು ನಡೆದರೆ ಅಟ್ಟಿಸಿಕೊಂಡು ಬರುತ್ತಾನೆ. ಹಿರಿಯಳಾದ ಹೆಂಗಸು ಕೇಳಿದಳೆಂದು ಮಾವ ಉಪಚಾರಕ್ಕೆ ಆಡಿದ ಮಾತದು, ಮನಸ್ಸಿನದಲ್ಲ. ಅಪ್ಪ ಅದನ್ನು ನಿಜವೆಂದು ನಂಬಿ ಕಣ್ಣೀರು ಹಾಕಿದ್ದಾರೆ. ಉಪಚಾರವೆಂದು ಗೊತ್ತಾದರೆ ಈ ಜನ್ಮದಲ್ಲಿ ಇಬ್ಬರೂ ಮಾತಾಡುವುದಿಲ್ಲ.

ಬಂಗಾರೆವ್ವ ಯಾದಿಯನ್ನು ಮತ್ತೆ ಕೈಗೆತ್ತಿಕೊಂಡು ಓದಿದಳು. ಅವಳ ಪೆನ್ಸಿಲು ತಪ್ಪು ಬರೆದದ್ದು ಇದೇ ಮೊದಲು, ಅದೂ ಮನೆಯ ಮಗಳ ಯಾದಿಯಲ್ಲಿ. ಸ್ನೇಹಲ್ ಅಜ್ಜಿಯ ಮುಖ ನೋಡಿ, ಅಳಿಸಿಬಿಡೋಣ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿ ರಬ್ಬರು ತಂದಿಟ್ಟಳು. ಅಜ್ಜಿ ರಬ್ಬರನ್ನು ಮುಟ್ಟಲಿಲ್ಲ. ಯಾದಿ ಅವಳದು, ಆದರೆ ಮಾತು ಆಡಿದವನದು. ಅಳಿಸುವುದೋ ಬಿಡುವುದೋ ಅವನನ್ನೇ ಕೇಳಬೇಕು. ಎದ್ದು ಮತ್ತೆ ಹಿತ್ತಲಿಗೆ ಹೋದಳು.

“ಬೀಗರ, ನಿಮ್ಮ ರೀತಿ ನನಗ ಗೊತ್ತಿರಲಿಲ್ಲ,” ಎಂದಳು. “ನೀವು ಉಪಚಾರಕ್ಕ ಅಂದದ್ದನ್ನ ನಾನು ಖರೇನ ಅಂತ ತಿಳಿದು ಅವರಿಗೆ ಹೇಳಿಬಿಟ್ಟೆ. ಅವರು ಕಣ್ಣೊರಿಸಿಕೊಂಡು, ನನಗೂ ಬಾವುಟ ಬ್ಯಾಡ ಅಂದರು. ನಿಮ್ಮ ಮಾತು ಖರೇ ಅಲ್ಲಂದ್ರ ಈಗ ಹೇಳ್ರಿ. ತಪ್ಪು ನಂದ ಅಂತ ಅವರ ಮುಂದ ಹೇಳಿ ಅಳಸ್ತೀನಿ.”

ಆರತಿ ಪ್ರತಿಯೊಂದು ಮಾತನ್ನೂ ಬಿಡದೆ ಇಂಗ್ಲಿಷಿಗೆ ತಂದಳು. ಹುಮಾಯೂನ್ ಹೋಳಿಗೆಯ ತಟ್ಟೆಯನ್ನು ಪಕ್ಕಕ್ಕಿಟ್ಟ. ಬಹ್ಮನ್ ನಿಜವಾಗಿಯೂ ಅತ್ತನೇ ಎಂದು ಅವನು ಕೇಳಿದ. ಅಳಲಿಲ್ಲ, ಕನ್ನಡಕ ಒರೆಸಿದರು, ಎಂದಳು ಬಂಗಾರೆವ್ವ. ಸುಳ್ಳು ಹೇಳಿ ಮದುವೆ ಮಾಡಿಸಬಹುದು, ಆದರೆ ಕಣ್ಣೀರಿನ ಸುಳ್ಳು ಹೇಳಬಾರದು ಎಂಬುದು ಅವಳ ನೇಮ. ಕಣ್ಣೊರೆಸಿಕೊಂಡರು ಎಂದು ಮೊದಲು ಹೇಳಿದ್ದು ಸ್ವಲ್ಪ ಹೆಚ್ಚಾಯಿತು ಎಂದೂ ಒಪ್ಪಿಕೊಂಡಳು.

ಅದಕ್ಕೆ ಹುಮಾಯೂನ್ ನಕ್ಕುಬಿಟ್ಟ. ಆಮೇಲೆ ಮೆಲ್ಲಗೆ ಹೇಳತೊಡಗಿದ. ಬಾವುಟದ ಸಿಟ್ಟು ಇರಲಿ, ತನ್ನನ್ನು ತಿನ್ನುತ್ತಿದ್ದದ್ದು ಆ ರಾತ್ರಿ ತಾನಾಡಿದ ಮಾತು. ಬಹ್ಮನ್‌ನ ತಂದೆ ಯಾರನ್ನೂ ಹೊಡೆದವನಲ್ಲ, ಸೈನ್ಯಕ್ಕೆ ನಕ್ಷೆ ಬರೆಯುತ್ತಿದ್ದವನು. ಅದು ಗೊತ್ತಿದ್ದೂ ಅವನನ್ನು ಕಟುಕ ಎಂದಿದ್ದ. ಮೂರು ತಿಂಗಳಿನಿಂದ ಕ್ಷಮೆ ಕೇಳಬೇಕೆಂದುಕೊಂಡರೂ ನಾಲಿಗೆ ಏಳಲಿಲ್ಲ.

“ಅಳಿಸಬೇಡಿ,” ಎಂದ. “ಮೊದಲ ಸಲ ಉಪಚಾರಕ್ಕೆ ಹೇಳಿದ್ದೆ. ಈಗ ನಾನೇ ಹೇಳುತ್ತಿದ್ದೇನೆ. ಅವನ ತಂದೆಯ ಬಾವುಟ ಮದುವೆಯಲ್ಲಿ ಇರಲಿ.”

ಅಲ್ಲಿಂದ ಶುರುವಾಯಿತು ನೋಡಿ ನಿಜವಾದ ಜಗಳ. ಬಾವುಟ ಬೇಡವೇ ಬೇಡ ಎಂದು ಹಾಲಿನಿಂದ ಬಹ್ಮನ್. ಬೇಕೇ ಬೇಕು ಎಂದು ಹಿತ್ತಲಿನಿಂದ ಹುಮಾಯೂನ್. ಬಂಗಾರೆವ್ವ ಐದು ಸಲ ಹೋದಳು, ಐದು ಸಲ ಬಂದಳು. ಎರಡೂ ಕಡೆಯವರು ಎದುರಾಳಿಯ ಬೇಡಿಕೆಗೆ ಹಟ ಹಿಡಿದ ಮಾತುಕತೆ ಪ್ರಪಂಚದಲ್ಲೇ ಇದೊಂದು ಎಂದು ಅಜಯ ಹೊಟ್ಟೆ ಹಿಡಿದುಕೊಂಡು ನಕ್ಕ. ಆರನೆಯ ಸಲಕ್ಕೆ ಅವಳ ಮೊಣಕಾಲು ಕೈಕೊಟ್ಟಿತು. ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಒಮಾನಿಗೆ ಕಾಲುನೋವು, ಬೇಕಿದ್ದರೆ ನೀವೇ ಬಂದು ಬಗೆಹರಿಸಿಕೊಳ್ಳಿ ಎಂದು ಎರಡೂ ಕಡೆಗೆ ಹೇಳಿ ಕಳಿಸಿದಳು.

ಇಬ್ಬರೂ ಬಂದರು. ಆದರೆ ಹಿತ್ತಲ ಬಾಗಿಲಿನಲ್ಲಿ ಮತ್ತೆ ನಿಂತುಬಿಟ್ಟರು, ಒಬ್ಬ ಒಳಗೆ, ಒಬ್ಬ ಹೊರಗೆ. ನೀನು ಮೊದಲು ಬಾ ಎಂದು ಇವನು, ನೀನು ಮೊದಲು ದಾಟು ಎಂದು ಅವನು, ಎದೆಯ ಮೇಲೆ ಕೈಯಿಟ್ಟುಕೊಂಡು ಹೊಸಿಲಿನ ಆಚೀಚೆ ಬಾಗುತ್ತಲೇ ಇದ್ದರು. ಪರ್ವೀನ್ ಕೈಯಲ್ಲಿದ್ದ ಚಾಕುವನ್ನು ಮಣೆಯ ಮೇಲೆ ಕುಕ್ಕಿದಳು. ಫಾರ್ಸಿಯಲ್ಲಿ ನಾಲ್ಕು ಮಾತು ಉದುರಿಸಿದಳು, ಅನುವಾದ ಯಾರಿಗೂ ಬೇಕಾಗಲಿಲ್ಲ. ಹುಮಾಯೂನ್ ಹೊಸಿಲು ದಾಟಿ ಬಹ್ಮನ್‌ನ ಭುಜ ಹಿಡಿದು, ಕಿವಿಯಲ್ಲಿ ಏನೋ ಹೇಳಿದ. ಬಹ್ಮನ್ ಅವನ ಹಣೆಗೆ ಮುತ್ತಿಟ್ಟ. ಬಂಗಾರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಲೆಕ್ಕದಲ್ಲಿ ಇದು ಯಾವ ಉಪಚಾರವೂ ಅಲ್ಲ.

ಅಷ್ಟು ಹೊತ್ತಿಗೆ ಅವಳು ಇನ್ನೊಂದು ನಿರ್ಧಾರ ಮಾಡಿದ್ದಳು. ಬಿಸಿ ಆರಿದರೆ ಮತ್ತೆ ಯಾವ ಸುದ್ದಿ ಬರುತ್ತದೋ, ಯಾರು ಟಿವಿ ಹಚ್ಚುತ್ತಾರೋ. ಅವಳ ಕಡೆ ಯಾದಿ ಮೇಲೆ ಶಾದಿ ಎಂಬುದೊಂದಿದೆ: ಪಟ್ಟಿ ಬರೆದ ದಿನವೇ, ಅಲ್ಲೇ, ಮದುವೆ ಮುಗಿಸುವುದು.

“ಇವತ್ತ ಆಗಲಿ,” ಎಂದಳು.

ಲೈಸೆನ್ಸು ಕೈಯಲ್ಲಿತ್ತು. ಪಕ್ಕದ ಬೀದಿಯ ಮೈಸೂರಿನ ಜಯರಾಮ್ ಆನ್‌ಲೈನಿನಲ್ಲಿ ಪೌರೋಹಿತ್ಯದ ಸರ್ಟಿಫಿಕೇಟು ಪಡೆದು, ವಾರಾಂತ್ಯಗಳಲ್ಲಿ ಗೆಳೆಯರ ಮದುವೆ ಮಾಡಿಸುವವನು. ಚಡ್ಡಿಯಲ್ಲೇ ಓಡಿಬಂದವನಿಗೆ ಅಜಯ ಪಂಚೆ ಉಡಿಸಿದ. ಪರ್ವೀನ್ ತಮ್ಮ ರೀತಿಯಂತೆ ಹುಲ್ಲಿನ ಮೇಲೆ ಬಿಳಿ ಬಟ್ಟೆ ಹಾಸಿ ಕನ್ನಡಿ, ಜೇನು, ದೀಪಗಳನ್ನು ಇಟ್ಟಳು. ಹುಮಾಯೂನ್ ತಾನೇ ಹೋಗಿ ಡಿಕ್ಕಿಯಿಂದ ಬಾವುಟ ತಂದ. ಬಹ್ಮನ್ ಅದನ್ನು ತೂಗಿಸಲು ಬಿಡಲಿಲ್ಲ, ಒಳಗಿಡಲು ಹುಮಾಯೂನ್ ಬಿಡಲಿಲ್ಲ. ಕಡೆಗೆ ಅದನ್ನು ಮಡಿಸಿ, ಬಹ್ಮನ್‌ನ ತಂದೆಗೆಂದು ಹಾಕಿದ ಖಾಲಿ ಕುರ್ಚಿಯ ಮೇಲೆ ಇಬ್ಬರೂ ಸೇರಿ ಇಟ್ಟರು.

ವಧೂವರರ ತಲೆಯ ಮೇಲೆ ಬಟ್ಟೆ ಹಿಡಿದು, ಅದರ ಮೇಲೆ ಎರಡು ಸಕ್ಕರೆ ಅಚ್ಚುಗಳನ್ನು ಒಂದಕ್ಕೊಂದು ಉಜ್ಜಿ ಉದುರಿಸುವುದು ಅವರ ಪದ್ಧತಿ. ಬಂಗಾರೆವ್ವ ತನ್ನ ಹೊಸ ಇಳಕಲ್ ಸೀರೆ ಕೊಟ್ಟಳು. ಒಂದು ತುದಿಯನ್ನು ಬಹ್ಮನ್, ಇನ್ನೊಂದನ್ನು ಹುಮಾಯೂನ್ ಹಿಡಿದರು. ಪರ್ವೀನ್, ಆರತಿ ಸಕ್ಕರೆ ಉಜ್ಜಿದರು.

ಜಯರಾಮ್ ಸ್ನೇಹಲ್‌ಳನ್ನು ಕೇಳಿದ, ಕಾವೆಯನ್ನು ಮದುವೆಯಾಗಲು ಒಪ್ಪಿಗೆಯೇ ಎಂದು. ಸ್ನೇಹಲ್ ತುಟಿ ಬಿಚ್ಚಲಿಲ್ಲ. ವಧು ಹೂ ಕೊಯ್ಯಲು ಹೋಗಿದ್ದಾಳೆ ಎಂದು ಪರ್ವೀನ್ ತಮ್ಮ ಪದ್ಧತಿಯಂತೆ ಕೂಗಿದಳು. ಇನ್ನೊಮ್ಮೆ ಕೇಳಿದ. ಆಗಲೂ ಇಲ್ಲ. ಬಂಗಾರೆವ್ವ ಎರಚಲು ಎತ್ತಿದ್ದ ಅಕ್ಕಿಕಾಳಿನ ಕೈಗಳನ್ನು ಇಳಿಸಿದಳು, ಎಲ್ಲ ಆಗಿ ಈ ಹುಡುಗಿ ಮನಸ್ಸು ಬದಲಿಸಿತೇ? ಮೂರನೆಯ ಸಲಕ್ಕೆ ಮಾತಾಡುವುದೇ ಅವರಲ್ಲಿ ಮರ್ಯಾದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮೂರನೆಯ ಸಲ ಸ್ನೇಹಲ್ ತಲೆ ಎತ್ತಿ ಸೀರೆಯ ಎರಡೂ ತುದಿಗಳನ್ನು ನೋಡಿದಳು. ಹಿರಿಯರ ಅಪ್ಪಣೆ ಕೇಳದೆ ವಧು ಹೂಂ ಎನ್ನುವಂತಿಲ್ಲ. ಮಾವನವರ ಅಪ್ಪಣೆ ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು, ಬಹ್ಮನ್ ಇದೆ ಎಂದ. ಸೋದರಮಾವನ ಅಪ್ಪಣೆ? ಕೈ ಬಿಟ್ಟು ಎದೆ ಮುಟ್ಟಿಕೊಳ್ಳಲು ಹೋದರೆ ಸೀರೆ ಜಾರುತ್ತದೆ, ಅದಕ್ಕೆ ಹುಮಾಯೂನ್ ಇದೆ ಎಂದು ತಲೆಯಾಡಿಸಿದ.

ಆಮೇಲೆ ಅವಳು ಬಂಗಾರೆವ್ವನ ಕಡೆ ತಿರುಗಿದಳು.

“ಅಜ್ಜಿ, ನಿನ್ನ ಅಪ್ಪಣಿ ಐತಿ?”

ಬಂಗಾರೆವ್ವ ಹಿಡಿದುಕೊಂಡಿದ್ದ ಅಕ್ಕಿಕಾಳನ್ನೆಲ್ಲ, ಮೊಮ್ಮಗಳು ಹೂಂ ಎನ್ನುವ ಮೊದಲೇ, ಎರಡೂ ಕೈಯಿಂದ ಎರಚಿಬಿಟ್ಟಳು.