ಏಳನೇ ಮಹಡಿಯ ಊಟ

ಗಂಡ ಹೆಂಡತಿ ತಿಂಗಳಿಗೊಮ್ಮೆಯಾದರೂ ಮಕ್ಕಳನ್ನು ಬಿಟ್ಟು ಹೊರಗೆ ಊಟಕ್ಕೆ ಹೋಗಬೇಕು, ಇಲ್ಲದಿದ್ದರೆ ಸಂಸಾರ ಸಪ್ಪೆಯಾಗುತ್ತದೆ ಎಂದು ನಾದಿನಿಯ ತಲೆಗೆ ಯಾರು ತುಂಬಿದರೋ. ಅವಳಿಗೆ ಇನ್ನೂ ಮದುವೆಯಾಗಿರಲಿಲ್ಲ. ಹಾಗಾಗಿ ಸಂಸಾರದ ವಿಷಯದಲ್ಲಿ ಅವಳಿಗೆ ತಿಳಿಯದ್ದೇ ಇರಲಿಲ್ಲ. ಪೇಟೆಯ ನಡುವಿನ ಯಾವುದೋ ಹೋಟೆಲಿನಲ್ಲಿ ತಾನೇ ಮೇಜು ಕಾದಿರಿಸಿ, ಶನಿವಾರ ಸಂಜೆ ಆರು ಗಂಟೆಗೆ ಅಣ್ಣ ಅತ್ತಿಗೆಯನ್ನು ಬಾಗಿಲಿನಿಂದಾಚೆ ದಬ್ಬಿದಳು. ಅತ್ತಿಗೆಯ ಹಳೇ ಚಪ್ಪಲಿ ಕಿತ್ತಿಟ್ಟು ತನ್ನ ಹಿಮ್ಮಡಿ ಎತ್ತರದ ಚಪ್ಪಲಿಯನ್ನೂ ತೊಡಿಸಿದ್ದಳು. ಅದು ಒಂದು ಅಳತೆ ಚಿಕ್ಕದು.

ಅತ್ತಿಗೆ ಹೊರಟಿದ್ದು ಮೋಜಿಗಾಗಿಯಂತೂ ಅಲ್ಲ. ದೊಡ್ಡ ಲಾಂಡ್ರಿಯೊಂದರಲ್ಲಿ ಹನ್ನೆರಡು ವರ್ಷದಿಂದ ಇಸ್ತ್ರಿ ಯಂತ್ರದ ಮುಂದೆ ಬೆವರು ಸುರಿಸಿದವಳು ಅವಳು. ಈಗ ಮಾಲೀಕರು ಅವಳನ್ನು ಕರೆದು ಮೇಲ್ವಿಚಾರಕಿಯಾಗುತ್ತೀಯಾ ಎಂದು ಕೇಳಿದ್ದರು. ಬೆಳಿಗ್ಗೆ ಆರಕ್ಕೇ ಹಾಜರಿರಬೇಕು, ನಾಳೆಯೊಳಗೆ ಉತ್ತರ ಹೇಳಬೇಕು. ಹಾಗಾದರೆ ಮಕ್ಕಳನ್ನು ಎಬ್ಬಿಸಿ, ತಿಂಡಿ ತಿನ್ನಿಸಿ, ಶಾಲೆಗೆ ಬಿಡುವವರು ಯಾರು? ಗಂಡ ಒಪ್ಪಬೇಕು. ಅದನ್ನು ಕೇಳುವುದಕ್ಕೇ ಅವಳು ಬಂದಿದ್ದಳು.

ಮನೆಯಲ್ಲೇ ಕೇಳಬಹುದಿತ್ತಲ್ಲ ಎಂದರೆ, ಅವನು ಲಿಫ್ಟು ರಿಪೇರಿಯವನು. ಮನೆಯಲ್ಲಿ ಮಾತು ಸ್ವಲ್ಪ ಗಂಭೀರವಾಯಿತೆಂದರೆ ಸಾಕು, ಊರಿನಲ್ಲಿ ಎಲ್ಲೋ ಒಂದು ಲಿಫ್ಟು ಕೆಟ್ಟು ನಿಲ್ಲುತ್ತಿತ್ತು, ಮಹಾಶಯರು ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಕೆಲಸದಲ್ಲಿ ಮಾತ್ರ ತಾನು ಭಾರಿ ಶಿಸ್ತಿನವನೆಂದು ಜಂಬ. ರಿಪೇರಿಗೆ ನಿಂತ ಲಿಫ್ಟಿಗೆ ಬೋರ್ಡು ತೂಗುಹಾಕಿದವನೇ ಬಂದು ಅದನ್ನು ತೆಗೆಯಬೇಕು, ಇನ್ನೊಬ್ಬರು ಮುಟ್ಟುವಂತಿಲ್ಲ, ಅದು ಜೀವದ ಪ್ರಶ್ನೆ. ಈ ನಿಯಮವನ್ನು ಅವನು ಊಟದ ಹೊತ್ತಿಗೆ ಎಷ್ಟು ಸಲ ಕೊರೆದಿದ್ದನೆಂದರೆ ಆರು ವರ್ಷದ ಮಗನೂ ಅದನ್ನು ಬಾಯಿಪಾಠ ಒಪ್ಪಿಸುತ್ತಿದ್ದ.

ಹೋಟೆಲು ಇದ್ದದ್ದು ಏಳನೇ ಮಹಡಿಯಲ್ಲಿ. ಕೆಳಗೆ ಲಿಫ್ಟಿನ ಬಾಗಿಲಿಗೆ ‘ದುರಸ್ತಿಯಲ್ಲಿದೆ, ಬಳಸಬಾರದು’ ಎಂಬ ಬೋರ್ಡು ತೂಗುತ್ತಿತ್ತು. ಗಂಡ ಬೋರ್ಡು ನೋಡಿದ, ಚಾವಣಿ ನೋಡಿದ, ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ ಕಾವಲುಗಾರನನ್ನು ನೋಡಿದ. ಆಮೇಲೆ ಮೆಟ್ಟಿಲು ಹತ್ತುವುದು ಆರೋಗ್ಯಕ್ಕೆ ಬಹಳ ಒಳ್ಳೆಯದು ಎಂದು ಘೋಷಿಸಿ ಅವಳ ತೋಳು ಹಿಡಿದು ಎಳೆದುಕೊಂಡೇ ಹೋದ. ಮೂರನೇ ಮಹಡಿಯಲ್ಲಿ ಅವಳ ಹಿಮ್ಮಡಿ ಸುಲಿಯಿತು. ಐದನೆಯದರಲ್ಲಿ ಅವನು ಏದುಸಿರು ಬಿಡುತ್ತಲೇ ಹೃದಯದ ರಕ್ಷಣೆಯ ಬಗ್ಗೆ ಉಪನ್ಯಾಸ ಕೊಡುತ್ತಿದ್ದ. ದಿನಾ ಹೊಟ್ಟೆ ಮುಂದೆ ಬಿಟ್ಟುಕೊಂಡು ಸೋಫಾದಲ್ಲಿ ಬಿದ್ದಿರುವವನಿಗೆ ಇವತ್ತು ಹೃದಯದ ಮೇಲೆ ಎಲ್ಲಿಲ್ಲದ ಪ್ರೀತಿ ಬಂದಿದೆ ಎಂದು ಅವಳು ಹಲ್ಲು ಕಚ್ಚಿ ಹತ್ತಿದಳು.

ಮೇಲೆ ಇಪ್ಪತ್ತು ಮೇಜುಗಳಿದ್ದವು, ಗಿರಾಕಿಗಳೆಂದರೆ ಇವರಿಬ್ಬರೇ. ಬಡಿಸುವವನು ಆಕಳಿಕೆ ಮುಚ್ಚಿಕೊಂಡು ನೀರಿಟ್ಟ. ಅವಳ ಕಣ್ಣು ಮೊದಲು ಹೋದದ್ದು ಮೇಜುಬಟ್ಟೆಗೆ. ಅಂಚಿನಲ್ಲಿ ಇಸ್ತ್ರಿ ಪೆಟ್ಟಿಗೆ ಸುಟ್ಟ ಹಳದಿ ಗುರುತು, ಮಧ್ಯದಲ್ಲಿ ಒಗೆದವನು ಸೋತು ಕೈಬಿಟ್ಟ ಸಾರಿನ ಕಲೆ. ಇಂಥದ್ದನ್ನು ಅವಳ ಲಾಂಡ್ರಿಯಲ್ಲಿ ನೆಲ ಒರೆಸಲೂ ಇಟ್ಟುಕೊಳ್ಳುತ್ತಿರಲಿಲ್ಲ.

ಸೂಪು ಬಂದ ಮೇಲೆ ಅವಳು ಉಸಿರೆಳೆದುಕೊಂಡು ವಿಷಯ ಹೇಳಿದಳು. ಕೆಲಸ, ಬೆಳಗಿನ ಆರು ಗಂಟೆ, ಮಕ್ಕಳು. ನಿಮ್ಮಿಂದಾಗುತ್ತದೆಯೇ ಎಂದು ಕೇಳಿದಳು. ಅವನು ಚಮಚವನ್ನೂ ಕೆಳಗಿಡಲಿಲ್ಲ.

"ಅದಕ್ಕೇನಂತೆ, ನಾನಿದೀನಲ್ಲ" ಎಂದ.

ಇಷ್ಟು ಸುಲಭವೇ? ಅವಳ ಕಣ್ಣು ತೇವವಾಯಿತು. ಹಿಮ್ಮಡಿಯ ಉರಿ ಮರೆತೇ ಹೋಯಿತು. ಸುಮ್ಮನೆ ಇಷ್ಟು ದಿನ ಹೆದರಿದೆನಲ್ಲ, ಪಾಪ, ಮನುಷ್ಯ ಒಳ್ಳೆಯವನೇ ಎಂದುಕೊಂಡಳು. ಕಿಟಕಿಯಾಚೆ ಊರಿನ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ನಾದಿನಿ ಹೇಳಿದ್ದರಲ್ಲೂ ಅರ್ಥವಿದೆ ಎನ್ನಿಸಿತು.

ಆಗ ಹೋಟೆಲಿನ ಮ್ಯಾನೇಜರು ಕೈ ಹೊಸೆಯುತ್ತ ಬಂದು ಮೆಟ್ಟಿಲು ಹತ್ತಿಸಿದ್ದಕ್ಕೆ ಕ್ಷಮೆ ಕೇಳಿದರು. ಲಿಫ್ಟು ಸೋಮವಾರವೇ ಸರಿಯಾಗಿದೆಯಂತೆ, ಮೆಕ್ಯಾನಿಕ್ ಬೋರ್ಡು ತೆಗೆಯದೆ ಹೊರಟುಹೋಗಿದ್ದಾನಂತೆ. ಅವತ್ತು ನಾನು ರಜೆಯಲ್ಲಿದ್ದೆ, ಇಲ್ಲದಿದ್ದರೆ ಅವನನ್ನು ಹಾಗೇ ಬಿಡುತ್ತಿರಲಿಲ್ಲ ಎಂದರು. ಅವನೇ ಬಂದು ತೆಗೆಯದ ಹೊರತು ಕಾವಲುಗಾರ ಯಾರನ್ನೂ ಹತ್ತಿರ ಬಿಡುತ್ತಿಲ್ಲ. ಲಿಫ್ಟಿನ ಕಂಪನಿಗೆ ದಿನಾ ಫೋನು ಮಾಡಿದ್ದಾಯಿತು, ಅವರೂ ದಿನಾ ಅವನಿಗೆ ಹೇಳಿದ್ದಾಯಿತು.

"ಆ ಪುಣ್ಯಾತ್ಮ ದಿನಾ ಹೇಳೋದು ಒಂದೇ ಮಾತಂತೆ ಮೇಡಂ. ಅದಕ್ಕೇನಂತೆ, ನಾನಿದೀನಲ್ಲ ಅಂತ."

ಪುಣ್ಯಾತ್ಮ ಮೆನು ಕಾರ್ಡಿನ ಹಿಂದೆ ಅಡಗಿದ್ದ. ಅದನ್ನು ತಲೆಕೆಳಗಾಗಿ ಹಿಡಿದಿದ್ದ. ಮ್ಯಾನೇಜರು ಅತ್ತ ಹೋಗುವವರೆಗೆ ಅವಳು ಕಾದಳು.

"ನಿಮ್ಮ ಬೋರ್ಡಾ?"

"ತೆಗೀಬೇಕು ಅಂತಾನೇ ಇದ್ದೆ ಕಣೇ. ಈ ಹೋಟ್ಲು ಆ ಬಿಲ್ಡಿಂಗಲ್ಲೇ ಇದೆ ಅಂತ ಇಲ್ಲಿಗೆ ಬಂದ ಮೇಲೇ ಗೊತ್ತಾಗಿದ್ದು."

"ಬಂದಾಗಲೇ ತೆಗೀಬಹುದಿತ್ತಲ್ಲ?"

"ನೀನು ಏನಂದ್ಕೋತೀಯೋ ಅಂತ."

ಅವಳಿಗೆ ತಡೆಯಲಾರದಷ್ಟು ನಗು ಬಂತು. ಹೆಂಡತಿಯ ಕಣ್ಣಲ್ಲಿ ಸಣ್ಣವನಾಗಬಾರದೆಂದು ಹೆಂಡತಿಯ ಹಿಮ್ಮಡಿ ಸುಲಿಸಿದ ಗಂಡ! ನಕ್ಕು ನಕ್ಕು ಕಣ್ಣೀರು ಬಂತು, ಕಲೆಯ ಮೇಜುಬಟ್ಟೆಯಲ್ಲೇ ಒರೆಸಿಕೊಂಡಳು. ಮದುವೆಯಾದ ಮೇಲೆ ಇಷ್ಟು ಮಜಾ ಕೊಟ್ಟ ಸಂಜೆ ಇನ್ನೊಂದಿರಲಿಲ್ಲ. ಅವನೂ ಬದುಕಿದೆ ಎಂದುಕೊಂಡು ಹುಳ್ಳಗೆ ನಕ್ಕ.

ನಗು ಇಳಿದ ಮೇಲೆ ಉಳಿದದ್ದು ಸಿಟ್ಟು, ಅದರಲ್ಲಿ ಅರ್ಧ ತನ್ನ ಮೇಲೆಯೇ. ಅವನು ಮರೆತದ್ದನ್ನೆಲ್ಲ ಇಷ್ಟು ವರ್ಷ ತಾನೇ ಓಡಿ ಹೋಗಿ ಮಾಡಿ ಮುಗಿಸಿದ್ದಳು. ಜ್ಞಾಪಕ ಇಟ್ಟುಕೊಳ್ಳುವ ದರ್ದು ಅವನಿಗೇಕೆ ಬರಬೇಕು? ಈಗ ಇನ್ನೊಮ್ಮೆ ಕೇಳಿದರೂ ಅದೇ ಉತ್ತರ ಬರುತ್ತದೆ, ಚಮಚವೂ ಕೆಳಗಿಳಿಯುವುದಿಲ್ಲ. ಕೇಳಿದ್ದೇ ತನ್ನ ತಪ್ಪು.

"ನಾಳೆ ಮಾಲೀಕರಿಗೆ ಹೂಂ ಅಂತೀನಿ. ಸೋಮವಾರದಿಂದ ಐದೂವರೆಗೆ ಮನೆ ಬಿಡ್ತೀನಿ" ಎಂದಳು. "ಶಾಲೆಯವರಿಗೆ ನಿಮ್ಮ ನಂಬರು ಕೊಡ್ತೀನಿ. ಕೆಲಸದ ಹೊತ್ತಲ್ಲಿ ನನ್ನ ಫೋನು ಲಾಂಡ್ರಿಯ ಬೀರುವಿನಲ್ಲಿರುತ್ತೆ."

"ನಾನು ಮರೆತುಬಿಟ್ರೆ?"

"ಮಕ್ಕಳು ಶಾಲೆಗೆ ಹೋಗಲ್ಲ. ಯಾಕೆ ಬಂದಿಲ್ಲ ಅಂತ ನಿಮ್ಮನ್ನೇ ಕೇಳ್ತಾರೆ. ನಾನು ಓಡಿ ಬರಲ್ಲ ಕಣ್ರೀ."

ಅವನು ಆಸೆಯಿಂದ ತನ್ನ ಫೋನು ನೋಡಿದ. ಅವತ್ತು ಊರಿನ ಲಿಫ್ಟುಗಳೆಲ್ಲ ಸಂಚು ಹೂಡಿದಂತೆ ಸುಸೂತ್ರವಾಗಿ ಓಡುತ್ತಿದ್ದವು. ಫೋನು ಜೇಬಿಗೆ ಹಾಕಿಕೊಂಡ. ಚಮಚ ಕೆಳಗಿಟ್ಟ. ಸಣ್ಣ ದನಿಯಲ್ಲಿ ಕೇಳಿದ:

"ಮಗಳು ಎಷ್ಟು ಗಂಟೆಗೆ ಏಳ್ತಾಳೆ?"

ಮಗಳಿಗೆ ಒಂಬತ್ತು ವರ್ಷ. ಹೆಂಡತಿಗೆ ಈ ಸಲ ನಗು ಬರಲಿಲ್ಲ. ಆರೂಮುಕ್ಕಾಲು, ಎರಡು ಸಲ ಕೂಗಬೇಕು, ದೀಪ ಹಾಕಿದರೆ ಅಳುತ್ತಾಳೆ, ಎಲ್ಲವೂ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಅವಳು ಸೂಪಿನ ಜೊತೆ ಅದನ್ನೂ ನುಂಗಿದಳು.

"ಅವಳನ್ನೇ ಕೇಳಿ" ಎಂದಳು.