ಕಿರುಚುವ ಬ್ರೇಕು

ನಿಂಗರಾಜುವಿನ ಟ್ರಾಕ್ಟರು ಬರುವುದು ಇಡೀ ತಾಳವಾಡಿಗೆ ಮೊದಲೇ ತಿಳಿಯುತ್ತಿತ್ತು. ಬ್ರೇಕು ತುಳಿದರೆ ಸಾಕು, ಹಲ್ಲು ಜುಮ್ಮೆನ್ನುವ ಹಾಗೆ ಕರಕರ ಕಿರುಚುತ್ತಿತ್ತು. ಅಪ್ಪನ ಕಾಲದ ಗಾಡಿ. ಆಯುಧಪೂಜೆಗೆ ಅದಕ್ಕೆ ಮೈತುಂಬ ಚೆಂಡುಹೂವು ಸುತ್ತುತ್ತಿದ್ದನೇ ಹೊರತು ರಿಪೇರಿ ಮಾಡಿಸುತ್ತಿರಲಿಲ್ಲ, ಪುಣ್ಯಾತ್ಮ.

ಮೆಕ್ಯಾನಿಕ್ ಜಡೇಸ್ವಾಮಿ ಆ ಸದ್ದು ಕೇಳಿದರೆ ಕೈಲಿದ್ದ ಸ್ಪ್ಯಾನರು ಬಿಟ್ಟು ರಸ್ತೆಗೆ ಬರುತ್ತಿದ್ದ. ಅವನ ಹೆಂಡತಿ ನಾಗಮ್ಮ ಜೀರಹಳ್ಳಿಯ ಕೋಸಿನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಸಂಜೆ ಹೆಂಗಸರೆಲ್ಲ ಅದೇ ಗಾಡಿಯ ಟ್ರೈಲರಿನಲ್ಲಿ, ಕೋಸಿನ ಮೂಟೆಗಳ ಮೇಲೆ ಕೂತು, ಕಾಡಿನ ಇಳಿಜಾರು ದಾಟಿ ಮನೆಗೆ ಬರುತ್ತಿದ್ದರು.

ಒಂದು ಭಾನುವಾರ ಅವನು ನಿಂಗರಾಜುವನ್ನು ಗದರಿಸಿ ಗಾಡಿಯನ್ನು ಶೆಡ್ಡಿಗೆ ತರಿಸಿದ. ಹಿಂದಿನ ಚಕ್ರ ಕಳಚಿ ಡ್ರಮ್ ಬಿಚ್ಚಿದರೆ, ಒಂದು ಕಡೆ ಬ್ರೇಕಿನ ಪಟ್ಟಿಯೇ ಇಲ್ಲ. ಪಟ್ಟಿ ಸವೆದು, ಅದನ್ನು ಹಿಡಿದಿದ್ದ ರಿವೆಟ್ಟುಗಳು ಡ್ರಮ್ಮನ್ನೇ ಉಳುತ್ತಿದ್ದವು. ಇನ್ನೊಂದು ಕಡೆ ಸೀಲು ಹರಿದು ಎಣ್ಣೆ ಸೋರಿ ಪಟ್ಟಿ ಜಾರುತ್ತಿತ್ತು.

“ಇದು ಬ್ರೇಕಲ್ಲ ಕಣ್ಲಾ, ಬರೀ ಪೀಪಿ,” ಎಂದ ಜಡೇಸ್ವಾಮಿ. “ಎಲ್ಡು ಕಡೆನೂ ಒಸ ಪಟ್ಟಿ ಆಕ್ತೀನಿ, ಗಾಡಿ ಬುಟ್ಟೋಗು.”

“ಆ ಸದ್ದು ನಿಂತೋದ್ರ ಆನ ಎಂಗ್ಲಾ ದಾರಿ ಬುಡ್ತದ?” ಎಂದ ನಿಂಗರಾಜು.

ಅವನು ತಮಾಷೆ ಮಾಡುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ತಿರುವಿನಲ್ಲಿ ಅಡ್ಡ ನಿಂತಿದ್ದ ಒಂಟಿ ಸಲಗ ಈ ಬ್ರೇಕಿನ ಕಿರುಚಾಟಕ್ಕೆ ಬೆಚ್ಚಿ ಲಂಟಾನದ ಪೊದೆಗೆ ನುಗ್ಗಿತ್ತು. ಅದಕ್ಕೂ ಮೊದಲು ಕೂಲಿ ಮುಗಿಸಿ ಅದೇ ದಾರಿಯಲ್ಲಿ ನಡೆದು ಬರುತ್ತಿದ್ದ ಜೊತೆಗಾತಿ ಕೆಂಚಮ್ಮ ಆನೆಯ ಕಾಲಿಗೆ ಸಿಕ್ಕಿ ಸತ್ತಿದ್ದಳು. ಸಲಗ ಓಡಿದಂದಿನಿಂದ ಹೆಂಗಸರು ಬೇರೆ ಒಳ್ಳೆಯ ಗಾಡಿಗಳನ್ನೆಲ್ಲ ಬಿಟ್ಟು ಇದಕ್ಕೇ ಕಾಯತೊಡಗಿದರು.

ಜಡೇಸ್ವಾಮಿ ಮನೆಗೆ ಹೋಗಿ ಹೆಂಡತಿಗೆ ಹೇಳಿ ನೋಡಿದ. ಸದ್ದೇ ಬೇಕಿದ್ದರೆ ಟ್ರೈಲರಿನ ಹಿಂದೆ ತಗಡು ಕಟ್ಟಿಕೊಡುತ್ತೇನೆ ಎಂದ.

“ತಗಡಿನ ಸದ್ದು ಅವಕ್ಕ ಗೊತ್ತು ಕಣ. ಒಲದಲ್ಲಿ ದಿನಾ ಬಡೀತೀವಿ, ಕ್ಯಾರೇ ಅನ್ನಲ್ಲ,” ಎಂದಳು ನಾಗಮ್ಮ. “ನೀ ಆ ಬ್ರೇಕ ಸರಿಮಾಡುದ್ರ ನಾ ಆ ಗಾಡಿ ಅತ್ತಲ್ಲ. ನಡ್ಕಂಡೇ ಬತ್ತೀನಿ.”

ಕೆಂಚಮ್ಮನನ್ನು ಸೀರೆಯಲ್ಲಿ ಸುತ್ತಿ ತಂದವರಲ್ಲಿ ಅವಳೂ ಒಬ್ಬಳು. ಜಡೇಸ್ವಾಮಿಗೆ ಮೈಯೆಲ್ಲ ಉರಿಯಿತು, ಆದರೆ ಅವಳು ಆ ದಾರಿಯಲ್ಲಿ ನಡೆದು ಬರುವುದು ಅವನಿಗೆ ಬೇಡವಾಗಿತ್ತು. ಶೆಡ್ಡಿಗೆ ವಾಪಸು ಹೋಗಿ, ಹೊಸ ಪಟ್ಟಿ ಹಾಕದೆಯೇ ಚಕ್ರ ಜೋಡಿಸಿ ಬೋಲ್ಟು ಬಿಗಿದ. ಇಳಿಜಾರಿನಲ್ಲಿ ಒಂದನೇ ಗೇರಿನಲ್ಲೇ ಇಳಿಸು, ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ ಎಂದು ನಿಂಗರಾಜುವಿಗೆ ಒತ್ತಿ ಒತ್ತಿ ಹೇಳಿದ.

ನಿಂಗರಾಜು ಕೆಲವು ದಿನ ಹಾಗೇ ಇಳಿಸಿದ. ಆಮೇಲೊಂದು ಸಂಜೆ ತರಕಾರಿ ಮಂಡಿ ಮುಚ್ಚುವ ಹೊತ್ತಾಯಿತೆಂದು, ಮೂಟೆ ಹೇರಿದ್ದ ಗಾಡಿಯನ್ನು ಇಳಿಜಾರಿನಲ್ಲಿ ಮೂರನೇ ಗೇರಿನಲ್ಲೇ ಓಡಿಸಿದ.

ಸುದ್ದಿ ತಿಳಿದು ಜಡೇಸ್ವಾಮಿ ಓಡಿ ಬಂದಾಗ ಟ್ರೈಲರು ಹಳ್ಳದಲ್ಲಿ ಮಗುಚಿತ್ತು. ಇಳಿಜಾರಿನ ತುಂಬ ಕೋಸು ಉರುಳಿತ್ತು. ಮೂಟೆಗಳ ಕೆಳಗಿಂದ ನಾಗಮ್ಮನನ್ನು ಎಳೆದು ರಸ್ತೆಯ ಬದಿಗೆ ಮಲಗಿಸಿದ್ದರು. ಅವನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಸರು ಹಿಡಿದು ಕೂಗಿದ. ಉಸಿರಿರಲಿಲ್ಲ.

ಜೊತೆಯಲ್ಲಿದ್ದ ಪುಟ್ಟಮಾದಿ ಮುರಿದ ಕೈಯನ್ನು ಎದೆಗೊತ್ತಿ ಪಕ್ಕದಲ್ಲಿ ಕೂತಿದ್ದಳು.

“ಆನ ಅಡ್ಡ ನಿಂತಿತ್ತು ಕಣಪ್ಪ. ಬ್ರೇಕು ಕಿರುಚ್ತು. ಆನ ಅಂಗೇ ಕಾಡಿಗ ಓಯ್ತು,” ಎಂದಳು. “ನಾಗಮ್ಮಕ್ಕ ಕೈ ಮುಗುದು, ‘ಓಯ್ತು ಬುಡ್ರವ್ವ’ ಅಂತ ನಕ್ಕಳು. ಗಾಡಿ ನಿಲ್ಲನೇ ಇಲ್ಲ.”