ಫೋನಿನೊಳಗಿನ ಮಾಲಕ

“ಇನ್ನೂ ಅಗಲ ತಗೀಬೇ ರಂಡಿ! ಉಣ್ಣಾಕ ಕುಂತಾಗೂ ಇಷ್ಟ ತಗೀತಿಯೇನ? ನಾಲಿಗಿ ಎತ್ತ, ಎತ್ತ!”

ಮೇಸ್ತ್ರಿ ಕಾಮಣ್ಣ ಎಡಗೈಯಲ್ಲಿ ಬ್ಯಾಟರಿ ಹಿಡಿದು, ಬಲಗೈಯ ಐಸ್‌ಕ್ರೀಮ್ ಕಡ್ಡಿಯಿಂದ ರುಕ್ಮವ್ವನ ನಾಲಿಗೆಯನ್ನು ಎತ್ತಿ ನೋಡಿದ. ಇವರ ಬಾಯಿ ತನ್ನ ಕೈಗೆ ತಾಗಬಾರದೆಂದು ಆ ಕಡ್ಡಿ. ನಲವತ್ತೆರಡು ಬಾಯಿಗೆ ಒಂದೇ ಕಡ್ಡಿ.

ಅಥಣಿ–ಕಾಗವಾಡ ರಸ್ತೆಯ ಮೇಲಿದ್ದ ಬಾಳಾಸಾಬನ ಮಣೂಕ, ಅಂದರೆ ಒಣದ್ರಾಕ್ಷಿಯ ಶೆಡ್ಡಿನಲ್ಲಿ ದಿನಾ ಸಂಜೆ ಇದು ನಡೆಯುತ್ತಿತ್ತು. ಬೆಳಗಿನಿಂದ ಕೂತು ಕಡ್ಡಿ, ಕಸ, ಕರಿಕಾಳು ಬೇರೆ ಮಾಡಿದ ಕೇರಿಯ ಹೆಂಗಸರು ಮನೆಗೆ ಹೋಗುವ ಮೊದಲು ಗೇಟಿನಲ್ಲಿ ಸಾಲುಗಟ್ಟಿ, ಒಂದು ಕಾಳೂ ತಿಂದಿಲ್ಲವೆಂದು ಬಾಯಿ ತೆರೆದು ತೋರಿಸಬೇಕು.

ಆ ದಿನ ಸಕ್ಕುಬಾಯಿ ಸಿಕ್ಕಿಬಿದ್ದಳು. ಮುದುಕಿಗೆ ಉಳಿದದ್ದೇ ಮೂರು ಹಲ್ಲು; ಅದರಲ್ಲೊಂದರ ಸಂದಿಯಲ್ಲಿ ಏನೋ ಕಪ್ಪಗೆ ಕಂಡಿತು.

“ಸಿಕ್ಕಳ ನೋಡ್ರಿ ಕಳ್ಳಿ!” ಎಂದು ಕಾಮಣ್ಣ ಕುಣಿದ. ಎಲ್ಲರೆದುರು ಮೂರು ಸಲ ಅವಳಿಗೆ ಬಾಯಿ ಮುಕ್ಕಳಿಸಲು ಹಚ್ಚಿ ತಾಟಿನಲ್ಲಿ ಉಗುಳಿಸಿದ. ಬಂದದ್ದು ದ್ರಾಕ್ಷಿಯಲ್ಲ, ಮಿಶ್ರಿ. ಹಲ್ಲು ತಿಕ್ಕುವ ಸುಟ್ಟ ತಂಬಾಕಿನ ಪುಡಿ.

“ಥೂ ಇದರವ್ನ, ಮಿಶ್ರಿ!” ಎಂದು ಕಾಮಣ್ಣ ನಕ್ಕ. ಸಕ್ಕುಬಾಯಿಯೂ ನಕ್ಕಳು. ಗದ್ದಕ್ಕೆ ಇಳಿಯುತ್ತಿದ್ದ ಕಪ್ಪು ನೀರು ಒರೆಸಿಕೊಳ್ಳುತ್ತಾ, “ಹೌದ್ರಿ ಯಪ್ಪಾ, ಮಿಶ್ರಿರಿ” ಅಂದಳು.

ಬೈಗುಳ ರುಕ್ಮವ್ವನಿಗೆ ಹೊಸದಲ್ಲ. ಮುದುಕಿಯ ಆ ನಗು ಮಾತ್ರ ಕೇರಿ ಮುಟ್ಟುವ ತನಕ ಎದೆಯಲ್ಲಿ ಮುಳ್ಳಾಡಿತು.

“ಶನಿವಾರ ಮಾಲಕರು ಬರ್ತಾರಲಾ, ನಾ ಹೇಳಾಕಿ,” ಅಂದಳು ದಾರಿಯಲ್ಲಿ.

“ನೀನ?” ಕೆಂಪವ್ವ ನಿಂತಲ್ಲೇ ನಿಂತಳು. “ಹ್ವಾದ ವರ್ಷ ಕುಡ್ಯಾ ನೀರ ಕೇಳಾಕ ಹೋಗಿ ಏನ ಕೇಳಿ ಬಂದಿ? ‘ಅರಾಮ ಅದೀರೇನ್ರಿ’ ಅಂತ ಕೇಳಿ ಬಂದಿ!”

ಸುಳ್ಳಲ್ಲ. ಬಾಳಾಸಾಬನ ಬಿಳಿ ಅಂಗಿ ಕಂಡರೆ ಸಾಕು, ರುಕ್ಮವ್ವನ ನಾಲಿಗೆ ಅಂಗುಳಕ್ಕೆ ಅಂಟಿಬಿಡುತ್ತಿತ್ತು.

ನಿಪ್ಪಾಣಿಯಿಂದ ಕೇರಿಗೆ ಸೊಸೆಯಾಗಿ ಬಂದು ಆರು ತಿಂಗಳಾಗಿದ್ದ ಸ್ನೇಹಲ ಆಗ ಬಾಯಿ ಹಾಕಿದಳು. “ಅತ್ತಿ, ಮೊದಲ ರೂಢಿ ಮಾಡ್ಕೋರಿ. ನನ್ನ ಫೋನಿನಾಗ ಎಐ ಅಂತ ಐತಿ. ಏನ ಆಗಂದ್ರ ಅದ ಆಗಿ ಮಾತಾಡತೈತಿ. ಚಿಕ್ಕೋಡಿ ಶೋರೂಮಿನ ಕೆಲಸಕ್ಕ ಹೋಗೂ ಮುಂದ ನಾ ಅದರ ಕೂಡನ ತಾಲೀಮ ಮಾಡಿದ್ದೆ.”

“ಕೆಲಸ ಸಿಕ್ಕತೇನ?”

“ಇಲ್ಲ. ಅವರು ನಿಮ್ಮದು ಯಾ ಓಣಿ ಅಂತ ಕೇಳಿದ್ರು. ಫೋನ ಅದನ್ನ ಕೇಳಿರಲಿಲ್ಲ.”

ಮರುದಿನ ಮಧ್ಯಾಹ್ನ ರೊಟ್ಟಿ ಬಿಚ್ಚಿದ ಮೇಲೆ ಶೆಡ್ಡಿನ ಹಿಂದಿನ ಬೇವಿನ ಗಿಡದ ಕೆಳಗೆ ತಾಲೀಮು ಶುರುವಾಯಿತು. ಸ್ನೇಹಲ ಫೋನನ್ನು ಬುತ್ತಿ ಡಬ್ಬಿಗೆ ಆನಿಸಿ, ನೀನು ಶೆಡ್ಡಿನ ಮಾಲಕ, ಇವರು ನಿನ್ನ ಕೂಲಿಯ ರುಕ್ಮವ್ವ ಎಂದು ಹೇಳಿದಳು.

“ನಮಸ್ಕಾರ ರುಕ್ಮವ್ವ ಅವರೇ,” ಎಂದಿತು ಫೋನು. “ಬನ್ನಿ, ದಯವಿಟ್ಟು ಕುಳಿತುಕೊಳ್ಳಿ. ನಿಮ್ಮ ಸಮಸ್ಯೆ ಏನು?”

ಕೆಂಪವ್ವ ಬಾಯೊಳಗಿನ ರೊಟ್ಟಿ ಸಿಡಿಸಿ ನಕ್ಕಳು. “ಯವ್ವಾ, ಕುಂದರ್ರಿ ಅಂತ! ಯಾ ಊರ ಮಾಲಕಬೇ ಇಂವ? ಇವನ ಶೆಡ್ಡ ಎಲ್ಲೈತಿ ಕೇಳ, ನಾಳಿಂದ ಅಲ್ಲೇ ಹೋಗೂಣು!”

ಇಷ್ಟು ಒಳ್ಳೆಯವನಾಗಬೇಡ, ಸಿಟ್ಟು ಮಾಡು ಎಂದು ಸ್ನೇಹಲ ಹೇಳಿದಳು. “ನನಗೆ ಸಮಯವಿಲ್ಲ, ಬೇಗ ಹೇಳಿ” ಎಂದಿತು. “ಬಹುವಚನ ತಗಸ ಅದರದು!” ಎಂದು ಹಿಂದಿನಿಂದ ಯಾರೋ ಕೂಗಿದರು. ಅದನ್ನೂ ಹೇಳಿದ್ದಾಯಿತು.

“ಏನು ಬೇಕು ನಿನಗೆ?” ಎಂದು ಫೋನು ಗದರಿತು.

ರುಕ್ಮವ್ವ ದಡಕ್ಕನೆ ಎದ್ದು ನಿಂತು ತಲೆಯ ಮೇಲೆ ಸೆರಗೆಳೆದುಕೊಂಡು, ಕೈ ಕಟ್ಟಿ, “ಅರಾಮ ಅದೀರೇನ್ರಿ?” ಅಂದಳು. ನಲವತ್ತು ಹೆಂಗಸರು ನೆಲಕ್ಕೆ ಬಿದ್ದು ಉರುಳಾಡಿ ನಕ್ಕರು. ರುಕ್ಮವ್ವನೂ ಹೊಟ್ಟೆ ಹಿಡಿದುಕೊಂಡಳು.

ಅಂದಿನಿಂದ ಮಧ್ಯಾಹ್ನ ಬರುವುದನ್ನೇ ಎಲ್ಲರೂ ಕಾದರು. ಒಮ್ಮೆ ಫೋನು, ಮೊದಲು ಮಾನವ ಸಂಪನ್ಮೂಲ ವಿಭಾಗಕ್ಕೆ ದೂರು ಕೊಡಿ ಎಂದು ಸಲಹೆ ಮಾಡಿತು.

“ಅದ್ಯಾವ ಇಭಾಗ?”

“ಕೆಲಸದ ಮಂದೀನ ನೋಡ್ಕೊಳ್ಳಾಂವ ಇರ್ತಾನಲ್ರಿ, ಅಂವ,” ಅಂದಳು ಸ್ನೇಹಲ.

“ಅಂದ್ರ ಕಾಮಣ್ಣ!” ಮತ್ತೆ ನಗೆ. ಕಾಮಣ್ಣ ಶೆಡ್ಡಿನ ಮೂಲೆಯಿಂದ ಇಣುಕಿ, “ಯಾಕ್ರಲೇ, ದೆವ್ವ ಬಡದಾವೇನ?” ಎಂದು ಕೂಗಿದ್ದು ನಗೆಗೆ ಇನ್ನಷ್ಟು ಒಗ್ಗರಣೆಯಾಯಿತು.

ಸಕ್ಕುಬಾಯಿ ತನಗೂ ಒಂದು ಪಾಳಿ ಬೇಕೆಂದು ಹಟ ಹಿಡಿದಳು. ಫೋನನ್ನು ಮೂಗಿನ ಹತ್ತಿರ ಹಿಡಿದು ಶುರು ಮಾಡಿದಳು: “ಲೇ ಬಾಡ್ಯಾ, ಸೂಳೀಮಗನ, ನಿನ್ನ ಬಾಯಾಗ ಕತ್ತಿ ಲದ್ದಿ ಹಾಕ! ನಿಮ್ಮವ್ವನ ಬಾಣಂತನಾ ಮಾಡಿದ ಕೈಲೇ ಇದು, ನನ್ನ ಬಾಯಿ ನೋಡ್ತಿಯೇನಲೇ ಹಾಟ್ಯಾ?” ಅರವತ್ತು ವರ್ಷದ ಕೂಲಿಯ ಬೈಗುಳವೆಲ್ಲ ಒಂದೇ ಉಸಿರಿಗೆ ಬಂತು. ಕೇಳಿದವರು ಕಣ್ಣೀರು ಬರುವ ತನಕ ನಕ್ಕರು.

“ನಿಮ್ಮ ನೋವು ನನಗೆ ಅರ್ಥವಾಗುತ್ತದೆ,” ಎಂದಿತು ಫೋನು. “ನಿಮಗೆ ಹಾಗೆ ಮಾಡಿದ್ದು ತಪ್ಪು.”

ಮುದುಕಿ ಫೋನನ್ನು ಮೂಗಿನಿಂದ ದೂರ ಹಿಡಿದು ಸ್ನೇಹಲಳ ಕಡೆ ನೋಡಿದಳು. “ಏನ ಅಂತೈತಿ ಇದು?”

“ತಪ್ಪಾತು ಅಂತ್ರಿ ಆಯಿ.”

“ಇನ್ನೊಮ್ಮೆ ಅನ್ನಾಕ ಹೇಳ.”

ಸ್ನೇಹಲ ಮತ್ತೆ ಹೇಳಿಸಿದಳು. ಮುದುಕಿ ಕಿವಿಗೆ ಒತ್ತಿಕೊಂಡು ಕೇಳಿದಳು.

ಶುಕ್ರವಾರದ ಹೊತ್ತಿಗೆ ರುಕ್ಮವ್ವನಿಗೆ ಫೋನು ಹೇಳಿಕೊಟ್ಟ ಮೂರು ಮಾತು ಗಟ್ಟಿಯಾಗಿದ್ದವು. ಒಬ್ಬಳೇ ಹೋಗಬಾರದು. ಸುತ್ತಿ ಬಳಸದೆ ಮೊದಲೇ ವಿಷಯ ಹೇಳಬೇಕು. ಅವನು ಹಳೆಯ ಉಪಕಾರ ತೆಗೆದರೆ ಮತ್ತೆ ವಿಷಯಕ್ಕೇ ಬರಬೇಕು.

ಶನಿವಾರ ಬಾಳಾಸಾಬ ಕಾರಿನಿಂದಿಳಿದು ಶೆಡ್ಡಿನ ಆಫೀಸಿನ ಪಡಸಾಲೆಯಲ್ಲಿ ಕೂತ. ರುಕ್ಮವ್ವ, ಕೆಂಪವ್ವ, ಸ್ನೇಹಲ ಚಪ್ಪಲಿ ದೂರ ಬಿಟ್ಟು ಅಂಗಳದ ಬಿಸಿಲಲ್ಲಿ ನಿಂತರು.

“ಏನಬೇ ರುಕ್ಮೀ?”

ನಾಲಿಗೆ ಅಂಟಿತು. ಬಿಡಿಸಿಕೊಂಡಳು. “ಮಾಲಕರ, ಇನ್ನ ಮ್ಯಾಲ ನಾವು ಗೇಟಿನಾಗ ಬಾಯಿ ತೋರಸಂಗಿಲ್ರಿ.”

ಹೇಳಿಬಿಟ್ಟಿದ್ದಳು! ಕಿವಿಯಲ್ಲಿ ಹಲಗೆ ಬಡಿದಂತಾಯಿತು.

ಬಾಳಾಸಾಬ ಮುಗುಳ್ನಕ್ಕ. “ನಿಮ್ಮ ಅತ್ತಿ ನನ್ನ ತೊಟ್ಟಲಾ ತೂಗ್ಯಾಳ. ಅಕೀ ಹೊಟ್ಟ್ಯಾಗ ಎಂದರ ಇಂಥಾ ಮಾತ ಹುಟ್ಟಿದ್ವೇನ?”

“ಅತ್ತಿ ಮಾತು ಆಮ್ಯಾಲ ಆಡೂಣ್ರಿ. ಈಗ ಬಾಯಿ ಮಾತ ಐತಿ.” ಫೋನು ಹೇಳಿಕೊಟ್ಟದ್ದು ಎಷ್ಟು ಸಲೀಸಾಗಿ ಬಂತೆಂದರೆ ರುಕ್ಮವ್ವನಿಗೆ ನಗು ಒತ್ತಿಬಂತು. ಆಮೇಲೆ ಅದು ಹೇಳಿಕೊಡದ್ದೂ ಬಂತು. “ನಮ್ಮ ಕೈ ಆಡಿಸಿದ ಮಣೂಕ ನಿಮ್ಮ ದೇವರ ಪಂಚಾಮೃತಕ್ಕ ನಡೀತಾವ. ನಮ್ಮ ಬಾಯಿ ಮುಟ್ಟಾಕ ನಿಮಗ ಕಡ್ಡಿ ಬೇಕೇನ್ರಿ?”

ಅವನ ಮುಗುಳ್ನಗೆ ಆರಿತು. ಅಷ್ಟರಲ್ಲಿ ಅವನಿಗೆ ಯಾರದೋ ಫೋನು ಬಂತು. ಬೆರಳೆತ್ತಿ ತಡೆಯಿರೆಂದು ತೋರಿಸಿ, ಬೆನ್ನು ತಿರುಗಿಸಿ, ಯಾರೊಡನೆಯೋ ಮರಾಠಿಯಲ್ಲಿ ನಗುತ್ತ ಇಪ್ಪತ್ತು ನಿಮಿಷ ಮಾತಾಡಿದ. ತಾಲೀಮಿನಲ್ಲಿ ಇದಿರಲಿಲ್ಲ. ಅಂಗಾಲು ಸುಟ್ಟವು. ಮೂವರೂ ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ನಿಲ್ಲುತ್ತ ಕೊಕ್ಕರೆಗಳ ಹಾಗೆ ಕಂಡರು. ಅದನ್ನು ನೋಡಿ ಕೆಂಪವ್ವನಿಗೆ ನಗು ತಡೆಯದೆ ಬಿಕ್ಕಳಿಕೆ ಹತ್ತಿತು.

“ಇನ್ನೂ ಇಲ್ಲೇ ಅದೀರೇನ?” ಬಾಳಾಸಾಬ ತಿರುಗಿ ನೋಡಿದ. “ಬಾಯಿ ತೋರಸಾಕ ಮಾನ ಹೋಗೂವಾಕಿ ಸೋಮವಾರ ಕೆಲಸಕ್ಕ ಬರೂದ ಬ್ಯಾಡ. ನಡೀರಿ.”

ಸಂಜೆ ಗೇಟಿನಲ್ಲಿ ಕಾಮಣ್ಣ ಬ್ಯಾಟರಿ ಹಚ್ಚಿಕೊಂಡು ನಿಂತ. ರುಕ್ಮವ್ವ ತುಟಿ ಬಿಗಿದು ನಿಂತಳು. ಹಿಂದಿದ್ದವರೂ ಬಿಗಿದರು. “ಏನಾತ್ರಲೇ? ಬಾಯಿ ತಗದ ಮಾತಾಡ್ರಿ!” ಎಂದು ಅವನು ಚೀರಿದ. ನಲವತ್ತೆರಡು ಮೂಗುಗಳಿಂದ ನಗೆಯ ಉಸಿರು ಪುಸಪುಸನೆ ಬಂತು. ಸಕ್ಕುಬಾಯಿ ಕೋಲೂರಿಕೊಂಡು ಸೀದಾ ಅವನ ಮೈಮೇಲೇ ನಡೆದಳು. ತಾಗಿಸಿಕೊಳ್ಳಬಾರದೆಂದು ಕಾಮಣ್ಣ ಹಿಂದಕ್ಕೆ ಜಿಗಿದ. ಆ ಸಂದಿಯಲ್ಲಿ ಎಲ್ಲರೂ ಹೊರಬಿದ್ದರು.

ಸೋಮವಾರ ಅವರು ಶೆಡ್ಡಿನ ಮುಂದಿನ ರಸ್ತೆ ಬದಿಗೆ ಬಂದು ಕೂತರು. ತಗಡಿನ ಗೇಟು ಮುಚ್ಚಿತ್ತು. ಮುಂದೇನೆಂದು ಯಾರಿಗೂ ಗೊತ್ತಿರಲಿಲ್ಲ. ಒಂಬತ್ತಕ್ಕೆ ಒಂದು ಟೆಂಪೊ ಬಂದು ನಿಂತಿತು. ಅದರ ತುಂಬ ಹೆಂಗಸರು. ಇವರ ಬದಲು ಕೆಲಸಕ್ಕೆಂದು ರಾಯಬಾಗದ ಕಡೆಯಿಂದ ಕೃಷ್ಣಾ ಹೊಳೆ ದಾಟಿಸಿ ತಂದಿದ್ದರು.

“ಅತ್ತಿ, ಇವರ ಕೂಡ ಹೆಂಗ ಮಾತಾಡೂದಂತ ಕೇಳ್ಲೇನ?” ಸ್ನೇಹಲ ಫೋನು ತೆಗೆದಳು.

“ಬ್ಯಾಡ, ಇಡ ಅದನ್ನ.” ರುಕ್ಮವ್ವ ಆಗಲೇ ಎದ್ದು ಹೋಗಿ ಟೆಂಪೊದ ಹಲಗೆ ಹಿಡಿದಿದ್ದಳು. “ಎಕ್ಕಾ, ಚಾ ಕುಡದ ಬಂದೀರೇನ? ಒಂದೀಟ ಹೇಳ್ತೇನಿ, ಕೇಳಿ ಒಳಗ ಹೋಗ್ರಿ.”

ಹೇಳಿದಳು. ಬ್ಯಾಟರಿಯದು, ಕಡ್ಡಿಯದು, ಸಕ್ಕುಬಾಯಿಯ ಮಿಶ್ರಿಯದು, ಕೊಕ್ಕರೆಯಂತೆ ತಾವು ನಿಂತದ್ದು. ಹೇಳುವಾಗ ತಾನೂ ನಕ್ಕಳು, ಟೆಂಪೊದವರನ್ನೂ ನಗಿಸಿದಳು.

“ಎಲ್ಲಾರ ಬಾಯಾಗೂ ಅದ ಕಡ್ಡಿ?” ಎಂದು ಒಬ್ಬಳು ಕೇಳಿದಾಗ ನಗು ನಿಂತಿತು.

“ಅದ ಕಡ್ಡಿ.”

ಅಗಲ ಹಣೆಯ ತುಂಬ ಭಂಡಾರದ ಅರಿಸಿನ ಹಚ್ಚಿದ್ದ ಹಿರಿಯಳೊಬ್ಬಳು ಬುತ್ತಿ ಗಂಟು ಎತ್ತಿಕೊಂಡು ಕೆಳಗಿಳಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಎಲ್ಲರೂ ಧಡಧಡನೆ ಇಳಿದರು.

“ಯವ್ವಗೋಳ್ರ, ಒಳಗ ಹೋಗಲಿಲ್ಲಂದ್ರ ನನಗ ಬಾಡಗಿ ಕೊಡಂಗಿಲ್ಲಲಾ!” ಎಂದು ಡ್ರೈವರ ತಲೆ ಹಿಡಿದುಕೊಂಡ.

“ನಿನಗ ಯಾರ ಬ್ಯಾಡಂದಾರ? ಹೋಗ ಒಳಗ,” ಅಂದಳು ರುಕ್ಮವ್ವ.

ಅವನು ಟೆಂಪೊ ಹತ್ತಿ ಹಾರ್ನ್ ಹೊಡೆದ. ಒಳಗಿನಿಂದ ಕಾಮಣ್ಣ ಅಗುಳಿ ಸರಿಸಿ, “ಬರ್ರಿ, ಬರ್ರಿ, ಲಗೂನ ಬರ್ರಿ!” ಎನ್ನುತ್ತ ಎರಡೂ ಬಾಗಿಲು ಪೂರಾ ತೆರೆದು ಬದಿಗೆ ನಿಂತ. ಖಾಲಿ ಟೆಂಪೊ ಖಡಖಡಿಸುತ್ತ ಒಳಗೆ ಹೋಯಿತು.